ಅರಿಶಿನದ ಗುಣ ಮೈಗೆ ಹತ್ತಬೇಕಾ? ಅಡುಗೆಯಲ್ಲಿ ಹೀಗೆ ಹಾಕಿ

ಅರಿಶಿನ ಒಳ್ಳೆಯದು ಅಂತ ಎಲ್ಲರೂ ಹೇಳುತ್ತಾರೆ. ಯಾವಾಗ ಹಾಕಬೇಕು, ಯಾವುದರ ಜೊತೆ ಹಾಕಬೇಕು ಅನ್ನೋದನ್ನು ಹೇಳುವವರು ಕಡಿಮೆ. ನನ್ನ ಪ್ರಕಾರ ಅದೇ ಮುಖ್ಯ.

ಮೊದಲು ಅದರ ಕೆಲಸ ತಿಳಿದುಕೊಳ್ಳಿ. ಗಾಯವಾದಾಗ, ಸೋಂಕು ತಗುಲಿದಾಗ ಮ್ಯಾಕ್ರೋಫೇಜ್ ಎಂಬ ರಕ್ಷಣಾ ಕೋಶಗಳು ಕೆರಳುತ್ತವೆ. ಅವುಗಳೊಳಗೆ ಎನ್‌ಎಫ್-ಕಪ್ಪಾ-ಬಿ ಅನ್ನುವ ಪ್ರೋಟೀನ್ ಚುರುಕಾಗಿ, ಟಿಎನ್‌ಎಫ್-ಆಲ್ಫಾ, ಐಎಲ್-6 ಮುಂತಾದ ಊತ ತರುವ ಪ್ರೋಟೀನುಗಳು ಹೊರಬರುತ್ತವೆ. ಊತ, ನೋವು, ಬಿಸಿ ಬರೋದು ಹೀಗೆ. ಇದು ಬೇಕಾದದ್ದೇ, ಆದರೆ ತಿಂಗಳುಗಟ್ಟಲೆ ನಿಲ್ಲದೇ ಇದ್ದರೆ ಕಷ್ಟ. ಲ್ಯಾಬಿನಲ್ಲಿ ಇಂಥ ಕೋಶಗಳನ್ನು ಕೆರಳಿಸಿ ಅರಿಶಿನದಲ್ಲಿರುವ ಕರ್ಕ್ಯುಮಿನ್ ಎಂಬ ಅಂಶ ಹಾಕಿದರೆ ಈ ಎಲ್ಲ ಗಲಾಟೆ ತಗ್ಗುತ್ತದೆ. ಅಲ್ಲಿ ಅದು ನೇರವಾಗಿ ಕೋಶಕ್ಕೇ ತಾಗುತ್ತದೆ, ನಾವು ತಿಂದದ್ದನ್ನು ಮಾತ್ರ ಕರುಳು ಮತ್ತು ಲಿವರ್ ಬೇಗ ಬೇರೆ ರೂಪಕ್ಕೆ ತಿರುಗಿಸಿ ಹೊರಗೆ ಕಳಿಸಿಬಿಡುತ್ತವೆ.

ಅದಕ್ಕೇ ಕಾಳುಮೆಣಸು ಬೇಕು. ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನವರು 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 2 ಗ್ರಾಂ ಕರ್ಕ್ಯುಮಿನ್ ಜೊತೆ ಮೆಣಸಿನಲ್ಲಿರುವ ಪೈಪರಿನ್ ಎಂಬ ಅಂಶ ಬರೀ 20 ಮಿಲಿಗ್ರಾಂ ಕೊಟ್ಟಾಗ, ರಕ್ತಕ್ಕೆ ಸೇರಿದ ಪ್ರಮಾಣ 2000% ಜಾಸ್ತಿಯಾಗಿತ್ತು. ಆದರೆ ಒಂದು ಲೆಕ್ಕ ನೋಡಿ. ಅರಿಶಿನ ಪುಡಿಯಲ್ಲಿ ಕರ್ಕ್ಯುಮಿನ್ ಇರೋದು ಸುಮಾರು 3% ಅಷ್ಟೇ. ಒಂದು ಟೀ ಚಮಚದಲ್ಲಿ 100 ಮಿಲಿಗ್ರಾಂ ಕೂಡ ಸಿಗೋದು ಕಷ್ಟ. ಹಾಗಾಗಿ ಅಡುಗೆಯ ಅರಿಶಿನದಿಂದ ಮಂಡಿನೋವು ವಾಸಿಯಾಗುತ್ತದೆ ಅಂತ ಕಾಯಬೇಡಿ. ಸಿಗುವಷ್ಟು ಹಾಳಾಗದ ಹಾಗೆ ನೋಡಿಕೊಳ್ಳೋಣ, ಅಲ್ವಾ?

ಸಾರು ಮಾಡುವಾಗ ಬೇಳೆ ಜೊತೆಗೇ ಅರಿಶಿನವನ್ನು ಕುಕ್ಕರಿಗೆ ಹಾಕೋದು ಬಿಡಿ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನ ವಿಜ್ಞಾನಿಗಳು ಪರೀಕ್ಷೆ ಮಾಡಿದಾಗ ಬೇಯಿಸೋದರಿಂದ ಕರ್ಕ್ಯುಮಿನ್ 27ರಿಂದ 53% ನಷ್ಟವಾಯಿತು, ಕುಕ್ಕರಿನಲ್ಲಿ ಎಲ್ಲಕ್ಕಿಂತ ಜಾಸ್ತಿ. ಹುಣಸೆಹುಳಿ ಇದ್ದಾಗ ನಷ್ಟ 12ರಿಂದ 30%ಕ್ಕೆ ಇಳಿಯಿತು. ಆದ್ದರಿಂದ ಬೇಳೆ ಬೆಂದ ಮೇಲೆ, ಹುಣಸೆರಸ ಬಿಡುವಾಗ ಅರ್ಧ ಚಮಚ ಅರಿಶಿನ ಹಾಕಿ. ಮೆಣಸನ್ನು ಕುಟ್ಟಾಣಿಯಲ್ಲಿ ಆಗಷ್ಟೇ ಜಜ್ಜಿ, ಇಳಿಸುವ ಮುಂಚೆ ಸೇರಿಸಿ. ಮೇಲೆ ತುಪ್ಪದ ಒಗ್ಗರಣೆ ಇರಲಿ, ಕರ್ಕ್ಯುಮಿನ್ ನೀರಿನಲ್ಲಿ ಕರಗೋದಿಲ್ಲ, ಕೊಬ್ಬಿನಲ್ಲಿ ಕರಗುತ್ತದೆ. ಪಲ್ಯಕ್ಕಾದರೆ ಉರಿ ಸಣ್ಣ ಮಾಡಿ, ಸಾಸಿವೆ ಸಿಡಿದ ಮೇಲೆ ಅರಿಶಿನ ಹಾಕಿ ತಕ್ಷಣ ತರಕಾರಿ ಸುರಿಯಿರಿ. ಕಂದು ಬಣ್ಣಕ್ಕೆ ತಿರುಗಿದರೆ ಸೀದಿದೆ ಅಂತ ಅರ್ಥ, ಕಹಿಯೂ ಆಗುತ್ತದೆ.

ಅರಿಶಿನ ಹಾಲಿಗೆ ಕೆನೆ ತೆಗೆಯದ ಹಾಲೇ ಒಳ್ಳೆಯದು. ಒಂದು ಲೋಟಕ್ಕೆ ಕಾಲು ಚಮಚ ಅರಿಶಿನ, ಜಜ್ಜಿದ ಮೂರ್ನಾಲ್ಕು ಮೆಣಸು ಸಾಕು.

ಅಂಗಡಿಯಲ್ಲಿ ಸಿಗುವ ಅರಿಶಿನದ ಕ್ಯಾಪ್ಸೂಲನ್ನು ಸುಮ್ನೆ ನುಂಗಬೇಡಿ. ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುವವರು, ಪಿತ್ತಕೋಶದಲ್ಲಿ ಕಲ್ಲಿರುವವರು ಡಾಕ್ಟರನ್ನು ಕೇಳದೆ ಮುಟ್ಟಲೇಬಾರದು. ಪೈಪರಿನ್ ಕೆಲವು ಔಷಧಿಗಳನ್ನೂ ರಕ್ತದಲ್ಲಿ ಜಾಸ್ತಿ ಹೊತ್ತು ಉಳಿಸುತ್ತದೆ. ಪೈಪರಿನ್ ಸೇರಿಸಿದ ಅರಿಶಿನದ ಕ್ಯಾಪ್ಸೂಲಿನಿಂದ ಲಿವರ್‌ಗೆ ಪೆಟ್ಟಾದ ಪ್ರಕರಣಗಳು ದಾಖಲಾಗಿವೆ. ಕಣ್ಣು ಹಳದಿಯಾದರೆ, ಮೂತ್ರ ಗಾಢವಾದರೆ ಅದೇ ದಿನ ನಿಲ್ಲಿಸಿ ಆಸ್ಪತ್ರೆಗೆ ಹೋಗಿ, ಡಬ್ಬಿಯನ್ನೂ ಜೊತೆಗೆ ತೆಗೆದುಕೊಂಡು ಹೋಗಿ ತೋರಿಸಿ.