ಗುಡ್ಡದ ತೂತಿಗೆ ಅಳತೆ ಹಿಡಿದಾಗ

2023ರ ಯುಗಾದಿ ಕಳೆದು ಒಂದು ವಾರ ಆಗಿತ್ತು. ನನ್ನ ಹಳೇ ವಿದ್ಯಾರ್ಥಿಯೊಬ್ಬ ಮೊಬೈಲ್ ಹಿಡಿದುಕೊಂಡು ಮನೆಗೆ ಬಂದ. "ಸಾರ್, ನಮ್ಮೂರ ಗುಡ್ಡ ಹನ್ನೆರಡು ಸಾವಿರ ವರ್ಷದ್ದಂತೆ, ನೋಡಿ ಇಲ್ಲಿ" ಅಂದ. ಒಂಬತ್ತು ನಿಮಿಷದ ವಿಡಿಯೊ. ಡ್ರೋನ್‌ನಲ್ಲಿ ತೆಗೆದ ಗುಡ್ಡ, ಹಿನ್ನೆಲೆಯಲ್ಲಿ ಜೋರು ಸಂಗೀತ. ಗುಡ್ಡದ ಒಂದು ಮಗ್ಗುಲು ಮೆಟ್ಟಿಲು ಮೆಟ್ಟಿಲಾಗಿದೆ, ಅದು ಪಿರಮಿಡ್ಡಂತೆ. ಬಂಡೆಯಲ್ಲಿರುವ ದುಂಡನೆ ತೂತುಗಳು ಹಿಂದಿನವರ ಯಂತ್ರದ ಗುರುತಂತೆ. ಗುಡ್ಡವನ್ನು ಸೀಳಿಕೊಂಡು ಹೋಗುವ ಕರಿಗೋಡೆ ಪಾಂಡವರು ಕಟ್ಟಿಸಿದ ಕೋಟೆಯಂತೆ. ನೆತ್ತಿಯ ಮೇಲೆ ಕೊರೆದಿರುವ ವೃತ್ತ ನಕ್ಷತ್ರದ ನಕ್ಷೆಯಂತೆ. ಎಲ್ಲವೂ ಕಾರ್ಬನ್ ಪರೀಕ್ಷೆಯಲ್ಲಿ ಸಾಬೀತಾಗಿದೆಯಂತೆ. ಹುಡುಗನ ಮುಖದಲ್ಲಿ ಖುಷಿ ಉಕ್ಕುತ್ತಿತ್ತು. ಅವನಿಗೆ ಏನು ಹೇಳಬೇಕೋ ನನಗೆ ತಕ್ಷಣ ತೋಚಲಿಲ್ಲ.

ನಾನು ಪಾಂಡವಪುರ ತಾಲ್ಲೂಕಿನವನು. ಇಪ್ಪತ್ತೆಂಟು ವರ್ಷ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡಿದ್ದೇನೆ. ರಜೆ ಬಂದರೆ ವೀರಗಲ್ಲು, ಶಾಸನ ಅಂತ ಊರೂರು ಸುತ್ತುತ್ತೇನೆ. ಶಾಸನದ ಅಚ್ಚು ತೆಗೆಯುವುದನ್ನು ಮೈಸೂರಿನಲ್ಲಿ ಒಬ್ಬ ಹಿರಿಯರ ಹತ್ತಿರ ಕಲಿತೆ. ಈ ಗುಡ್ಡದ ಊರಿನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ರಾತ್ರಿ ಹೊತ್ತು ಹಾರೆ ಹಿಡಿದುಕೊಂಡು ಬರುವವರಿದ್ದಾರೆ.

ಶುರುವಿನಲ್ಲೇ ನಾನೊಂದು ತಪ್ಪು ಮಾಡಿದೆ. ಅವತ್ತು ಸಾಯಂಕಾಲ ಅರಳಿಕಟ್ಟೆಯ ಹತ್ತಿರ ಹತ್ತು ಹದಿನೈದು ಜನ ಆ ವಿಡಿಯೊ ನೋಡುತ್ತಿದ್ದರು. ನಾನು ಹೋಗಿ, ಇದೆಲ್ಲ ಸುಳ್ಳು ಅಂತ ಪಾಠ ಮಾಡುವ ಹಾಗೆ ಹೇಳಿಬಿಟ್ಟೆ. ಯಾರೂ ಎದುರು ಮಾತಾಡಲಿಲ್ಲ. ಹುಡುಗ ತಲೆ ತಗ್ಗಿಸಿಕೊಂಡು ಎದ್ದು ಹೋದ. ಒಬ್ಬ ಯಜಮಾನರು ಮಾತ್ರ, "ಇರೋದೊಂದು ಹೆಸರು, ಅದನ್ನೂ ಕಿತ್ಕೊಂಡ್ರಲ್ಲಾ ಮೇಷ್ಟ್ರೆ" ಅಂದರು. ಆ ಮಾತು ನನಗೆ ನಾಟಿತು. ನನ್ನ ಹತ್ತಿರ ಅಳತೆ ಇರಲಿಲ್ಲ, ಫೋಟೊ ಇರಲಿಲ್ಲ. ವಿಡಿಯೊ ಮಾಡಿದವರು ಗುಡ್ಡ ಹತ್ತಿಯಾದರೂ ಇದ್ದರು. ನಾನು ಅದನ್ನೂ ಮಾಡದೆ ತೀರ್ಪು ಕೊಟ್ಟಿದ್ದೆ.

ಮಾರನೇ ಭಾನುವಾರ ಆ ಹುಡುಗನ ಮನೆಗೇ ಹೋಗಿ, "ಬಾಪ್ಪ, ಇಬ್ಬರೂ ಸೇರಿ ಅಳೆಯೋಣ" ಅಂತ ಕರೆದೆ. ಟೇಪು, ಭೂತಗನ್ನಡಿ, ಶಾಲೆಯ ಪ್ರಯೋಗಾಲಯದಿಂದ ತಂದ ವರ್ನಿಯರ್ ಕ್ಯಾಲಿಪರ್, ಒಂದು ನೋಟ್‌ಬುಕ್. ಇನ್ನೊಬ್ಬರನ್ನೂ ಜೊತೆಗೆ ಕರೆದುಕೊಂಡೆವು. ಕಲ್ಲು ಒಡೆಯುವ ಕೆಲಸದಲ್ಲೇ ಐವತ್ತು ವರ್ಷ ಕಳೆದ ತಾತ. ಅವರ ತಾತ ಕನ್ನಂಬಾಡಿ ಕಟ್ಟೆ ಕಟ್ಟುವಾಗ ಕಲ್ಲು ಒಡೆದವರು. ನನಗೆ ತಿಳಿದ ಮಟ್ಟಿಗೆ, ಕಲ್ಲಿನ ವಿಷಯ ಬಂದಾಗ ಮೊದಲು ಕೇಳಬೇಕಾದ್ದು ಕಲ್ಲು ಒಡೆದವರನ್ನೇ. ಆದರೆ ಅವರನ್ನು ಯಾರೂ ಕೇಳುವುದಿಲ್ಲ.

ಪಿರಮಿಡ್ಡಿನ ಮೆಟ್ಟಿಲ ಹತ್ತಿರ ನಿಂತು ತಾತ ಬಂಡೆಯ ಮೇಲೆ ಕೈಯಾಡಿಸಿದರು. ಒಡೆದ ಮುಖದ ಮೇಲೆ ಮೇಲಿನಿಂದ ಕೆಳಕ್ಕೆ ಅರ್ಧ ಕೊಳವೆಯ ಹಾಗೆ ಗೀರುಗಳಿದ್ದವು. ಎಲ್ಲವೂ ಸಾಲಾಗಿ, ನೇರವಾಗಿ. ವಿಡಿಯೊದಲ್ಲಿ ಯಂತ್ರದ ಗುರುತು ಅಂದದ್ದು ಇದನ್ನೇ. "ಹೌದು, ಯಂತ್ರದ್ದೇ. ಟ್ಯಾಕ್ಟರ್ ಕಂಪ್ರೆಸರ್‌ದು" ಅಂದರು ತಾತ. ಗಾಳಿಯ ಒತ್ತಡದಿಂದ ಬಂಡೆಗೆ ತೂತು ಕೊರೆಯುವ ಯಂತ್ರ ಅದು. ಆಮೇಲೆ ಹುಡುಗನ ಕೈ ಹಿಡಿದು, ಉಗುರನ್ನು ಗೀರಿನೊಳಗೆ ಮೇಲಿನಿಂದ ನಿಧಾನಕ್ಕೆ ಇಳಿಸಿಸಿದರು. ಎರಡೂವರೆ ಅಡಿ ಚಿಲ್ಲರೆ ಇಳಿಯುವಾಗ ಉಗುರು ಏನಕ್ಕೋ ತಾಗಿ ನಿಂತಿತು. ಕಣ್ಣಿಗೆ ಕಾಣದಷ್ಟು ಸಣ್ಣ ಮೆಟ್ಟಿಲು.

"ಮೊದ್ಲು ಗಿಡ್ಡ ರಾಡ್ ಹಾಕ್ತೀವಿ. ಅದು ಮುಗಿದ್ಮೇಲೆ ಉದ್ದ ರಾಡ್. ಉದ್ದಂದು ಅದೇ ದಪ್ಪ ಇದ್ರೆ ತೂತಲ್ಲಿ ಸಿಕ್ಕಾಕ್ಕೊತದೆ. ಅದ್ಕೇ ಅದ್ರ ಮೂತಿ ಒಂಚೂರು ಸಣ್ಣ ಮಾಡಿರ್ತಾರೆ."

ಕ್ಯಾಲಿಪರ್ ಇಟ್ಟು ನೋಡಿದೆವು. ಮೇಲೆ 34 ಮಿಲಿಮೀಟರ್ ಆಸುಪಾಸು, ಮೆಟ್ಟಿಲಿನ ಕೆಳಗೆ 33. ಅವತ್ತು ಹನ್ನೊಂದು ಗೀರು ಅಳೆದೆವು. ಎಂಟರಲ್ಲಿ ಅದೇ ಆಳದಲ್ಲಿ ಅದೇ ಮೆಟ್ಟಿಲು ಸಿಕ್ಕಿತು. ಉಳಿದ ಮೂರು ಅಷ್ಟು ಆಳಕ್ಕೆ ಹೋಗಿಯೇ ಇರಲಿಲ್ಲ. ಕಂಪ್ರೆಸರ್‌ಗೆ ಹಾಕುವ ರಾಡುಗಳು ಬರುವುದೇ ಹೀಗೆ: 80 ಸೆಂಟಿಮೀಟರ್ ಉದ್ದದ್ದು ಒಂದು, ಅದರ ಎರಡರಷ್ಟು ಉದ್ದದ್ದು ಇನ್ನೊಂದು, ಉದ್ದ ಜಾಸ್ತಿ ಆದ ಹಾಗೆ ಮೂತಿ ಸಣ್ಣ. ನನ್ನ ಇಷ್ಟು ವರ್ಷದ ಓಡಾಟದಲ್ಲಿ ಇಷ್ಟು ಖಚಿತವಾದ ಸಾಕ್ಷಿ ನನಗೆ ಸಿಕ್ಕಿದ್ದು ಕಡಿಮೆ. ಹುಡುಗ ಮತ್ತೆ ಮತ್ತೆ ಉಗುರು ಇಳಿಸಿ ನೋಡುತ್ತಲೇ ಇದ್ದ.

ಅದೇ ಗುಡ್ಡದ ಹಿಂಬದಿಯಲ್ಲಿ ಬೇರೆ ಥರದ ಗುರುತುಗಳಿವೆ. ಅವು ದುಂಡಗಿಲ್ಲ, ಆಯತಾಕಾರ. ಎರಡು ಮೂರು ಇಂಚು ಉದ್ದ, ಒಳಗೆ ಹೋಗುತ್ತಾ ಕಿರಿದಾಗುತ್ತವೆ, ಗೋಡೆಯಲ್ಲಿ ಉಳಿ ಏಟಿನ ಗೀಟುಗಳು ಕಾಣುತ್ತವೆ. ಇವು ಕೈಯಲ್ಲಿ ಕೊರೆದ ಗುಳಿಗಳು. ಸಾಲಾಗಿ ಕೊರೆದು, ಒಂದೊಂದರಲ್ಲೂ ಕಬ್ಬಿಣದ ಬೆಣೆ ಇಟ್ಟು, ಸುತ್ತಿಗೆಯಿಂದ ಒಂದಾದ ಮೇಲೊಂದಕ್ಕೆ ಹದವಾಗಿ ಹೊಡೆಯುತ್ತಾ ಹೋದರೆ ಬಂಡೆ ಆ ಗೆರೆಯಲ್ಲೇ ಸೀಳುತ್ತದೆ. ಹೊಯ್ಸಳರ ಕಾಲದಲ್ಲೂ ಬೆಣೆ ಇಟ್ಟೇ ಕಲ್ಲು ಸೀಳುತ್ತಿದ್ದರು, ತಾತ ಚಿಕ್ಕ ವಯಸ್ಸಿನಲ್ಲಿ ಕಲಿತದ್ದೂ ಅದನ್ನೇ. ಹಾಗಾಗಿ ಬೆಣೆಗುಳಿ ನೋಡಿ ಕಾಲ ಹೇಳುವುದು ಕಷ್ಟ. ನಾನು ಹುಡುಗನಿಗೆ ಅದನ್ನೂ ಹೇಳಿದೆ. ಒಂದು ಗುರುತು ಖಚಿತವಾಗಿ ಮಾತಾಡಿದರೆ ಪಕ್ಕದ್ದೂ ಮಾತಾಡಲೇಬೇಕು ಅಂತೇನಿಲ್ಲ. ಬಣ್ಣ ಸ್ವಲ್ಪ ಸಹಾಯ ಮಾಡುತ್ತದೆ. ಕಂಪ್ರೆಸರ್‌ನಿಂದ ಒಡೆದ ಮುಖ ಇನ್ನೂ ಬೆಳ್ಳಗಿದೆ. ಬೆಣೆ ಇಟ್ಟ ಮುಖ ಕಪ್ಪಿಟ್ಟಿದೆ, ಗುಳಿಯೊಳಗೂ ಕಲ್ಲುಹೂವು ಬೆಳೆದಿದೆ.

ಕರಿಗೋಡೆಯನ್ನು ನೋಡಿದರೆ ಯಾರಿಗಾದರೂ ಕಟ್ಟಿದ್ದು ಅಂತಲೇ ಅನಿಸುತ್ತದೆ. ಆಳೆತ್ತರ, ಇಟ್ಟಿಗೆ ಜೋಡಿಸಿದ ಹಾಗೆ ಚೌಕ ಚೌಕ, ಅರ್ಧ ಗುಡ್ಡದ ಉದ್ದಕ್ಕೂ ನೆಟ್ಟಗೆ ಹೋಗಿದೆ. ಅದನ್ನು ಕಟ್ಟಿದವರು ಯಾರೂ ಇಲ್ಲ. ಹಳೇ ಬಂಡೆಯ ಬಿರುಕಿನೊಳಗೆ ಭೂಮಿಯ ಆಳದಿಂದ ಕರಗಿದ ಕಲ್ಲು ನುಗ್ಗಿ, ಆರಿ ಗಟ್ಟಿಯಾಗಿದೆ. ಆರುವಾಗ ಕುಗ್ಗಿ ಅಡ್ಡ ಉದ್ದ ಬಿರುಕು ಬಿಟ್ಟಿದೆ. ಭೂವಿಜ್ಞಾನದವರು ಇದನ್ನು ಡೈಕ್ ಅನ್ನುತ್ತಾರೆ, ಕಲ್ಲು ಡಾಲರೈಟ್. ನಮ್ಮ ಕಡೆ ಸುಮ್ನೆ ಕರಿಕಲ್ಲು. ಮೈಸೂರು, ಮಂಡ್ಯದ ಹೊಲಗಳಲ್ಲಿ ಇಂಥ ಕರಿಗೆರೆ ಎಷ್ಟೋ ಕಡೆ ಕಾಣುತ್ತವೆ. ಚಾಮುಂಡಿ ಬೆಟ್ಟದ ಆಸುಪಾಸಲ್ಲೂ ಇವೆ.

ಮಾತಿನಲ್ಲಿ ಹೇಳಿದರೆ ಯಾರೂ ಒಪ್ಪುವುದಿಲ್ಲ ಅಂತ ಭೂತಗನ್ನಡಿ ತೆಗೆದೆ. ಗೋಡೆಯ ನಡುವಿನ ಚೂರಿನಲ್ಲಿ ಹರಳುಗಳು ಬಿಡಿಬಿಡಿಯಾಗಿ ಕಾಣುತ್ತವೆ. ಅಂಚಿನ ಚೂರಿನಲ್ಲಿ ಎಷ್ಟು ನೋಡಿದರೂ ಹರಳು ಕಾಣುವುದಿಲ್ಲ, ಬರೀ ಕಪ್ಪು. ತಣ್ಣನೆ ಬಂಡೆಗೆ ತಾಗಿದ ಅಂಚು ಬೇಗ ಆರಿದೆ, ಹರಳು ಬೆಳೆಯಲು ಹೊತ್ತು ಸಿಕ್ಕಿಲ್ಲ. ನಡುವಿನದು ನಿಧಾನಕ್ಕೆ ಆರಿದೆ. ಕಲ್ಲು ತಂದು ಜೋಡಿಸಿದ ಗೋಡೆಯಲ್ಲಿ ಹೀಗಾಗಲು ಸಾಧ್ಯ ಇಲ್ಲ, ಅಲ್ವಾ? ಗೋಡೆಯ ಹತ್ತಿರ ದಿಕ್ಸೂಚಿಯ ಮುಳ್ಳು ಅಲುಗುವುದನ್ನೂ ವಿಡಿಯೊದಲ್ಲಿ ತೋರಿಸಿದ್ದರು, ಅದು ನಿಜ. ನಮ್ಮ ಕೈಯಲ್ಲೂ ಅಲುಗಿತು. ಕರಿಕಲ್ಲಿನಲ್ಲಿ ಅಯಸ್ಕಾಂತದ ಗುಣ ಇರುವ ಕಬ್ಬಿಣದ ಖನಿಜ ಇರುತ್ತದೆ.

ನೆತ್ತಿಯ ವೃತ್ತ ಬೇಗ ಇತ್ಯರ್ಥ ಆಯಿತು. ಒಂದು ವೃತ್ತ, ನಡುವೆ ಒಂದು ಚುಕ್ಕಿ. ಸರ್ವೆ ಆಫ್ ಇಂಡಿಯಾದ 57ಡಿ ಸರಣಿಯ ನಕ್ಷೆ ತರಿಸಿ ನೋಡಿದೆ. ಗುಡ್ಡದ ನೆತ್ತಿಯ ಮೇಲೆ ಸಣ್ಣ ತ್ರಿಕೋನ, ಪಕ್ಕದಲ್ಲಿ ಎತ್ತರ. ತ್ರಿಕೋನ ಇದ್ದ ಕಡೆ ಸರ್ವೆಯವರು ನಿಂತು ಅಳೆದಿದ್ದಾರೆ ಅಂತ ಅರ್ಥ. 1799ರಲ್ಲಿ ಶ್ರೀರಂಗಪಟ್ಟಣ ಬ್ರಿಟಿಷರ ಕೈಗೆ ಬಿದ್ದ ಮೇಲೆ ಅವರ ಸೇನೆಯ ಕಾಲಿನ್ ಮೆಕೆಂಜಿ ಮೈಸೂರು ಸೀಮೆಯ ಸರ್ವೆ ಹಿಡಿದ. 1800ರಲ್ಲಿ ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಹತ್ತಿರ ಅಳತೆಯ ಮೊದಲ ಗೆರೆ ಹಾಕಿದ. ಅಲ್ಲಿಂದಾಚೆಗೆ ಸರ್ವೆಯವರು ನಮ್ಮ ಸೀಮೆಯ ಎಷ್ಟೋ ನೆತ್ತಿ ಹತ್ತಿ ಬಂಡೆಯ ಮೇಲೆ ವೃತ್ತ, ಚುಕ್ಕಿ ಕೊರೆದರು. ನಮ್ಮ ಗುಡ್ಡದ್ದು ಯಾವ ವರ್ಷದ್ದೋ, ಆದರೆ ನಕ್ಷತ್ರದ ನಕ್ಷೆಯಂತೂ ಅಲ್ಲ.

ಕಾರ್ಬನ್ ಪರೀಕ್ಷೆ ಅನ್ನುವ ಮಾತಿಗೆ ಜನ ಜಾಸ್ತಿ ಮರುಳಾಗುತ್ತಾರೆ, ಯಾಕೆಂದರೆ ಅದು ವಿಜ್ಞಾನದ ಮಾತಿನ ಹಾಗೆ ಕೇಳುತ್ತದೆ. ಇದ್ದಿಲು, ಮೂಳೆ, ಕಾಳು, ಮರ, ಅಂದರೆ ಒಮ್ಮೆ ಜೀವ ಇದ್ದದ್ದಕ್ಕೆ ಮಾತ್ರ ಈ ಪರೀಕ್ಷೆ ನಡೆಯುತ್ತದೆ. ಬಂಡೆಗೆ ನಡೆಯುವುದಿಲ್ಲ. ನಮ್ಮ ಸೀಮೆಯ ಹಳೇ ಬಂಡೆಗಳ ವಯಸ್ಸು 300 ಕೋಟಿ ವರ್ಷದ ಲೆಕ್ಕದಲ್ಲಿದೆ. ಅದರ ಮೇಲಿನ ಕೆತ್ತನೆ ನಿನ್ನೆಯದೂ ಆಗಿರಬಹುದು. ಬಂಡೆಯ ವಯಸ್ಸೇ ಬೇರೆ, ಉಳಿ ಬಿದ್ದ ದಿನವೇ ಬೇರೆ.

ಇಷ್ಟೆಲ್ಲ ಆದ ಮೇಲೆ ಊರಿನವರಿಗೆ ನಾನು ಭಾಷಣ ಮಾಡಲಿಲ್ಲ. ಹುಡುಗನೇ ಇಪ್ಪತ್ತು ಜನರನ್ನು ಗುಡ್ಡ ಹತ್ತಿಸಿದ, ಒಬ್ಬೊಬ್ಬರ ಉಗುರನ್ನೂ ಆ ಗೀರಿನಲ್ಲಿ ಇಳಿಸಿಸಿದ. ಒಬ್ಬಮ್ಮ ಮಾತ್ರ ಬೇಜಾರಿನಲ್ಲಿ, "ಹಂಗಾರೆ ಭೀಮ ಇಲ್ಲಿಗ್ ಬಂದೇ ಇಲ್ವಾ?" ಅಂತ ಕೇಳಿದರು. ನಾನು ಹೇಳಿದೆ: "ಅವ್ವಾ, ಭೀಮನ ಕಥೆ ನಿಮ್ಮ ಅಜ್ಜಿ ಹೇಳಿದ್ದು. ಅದನ್ನ ಯಾರೂ ಮುಟ್ಟಲ್ಲ. ಕುಂತಿ ಬೆಟ್ಟದಲ್ಲಿ ಕುಂತಿ ಇದ್ದಳು ಅಂತ ನಾವೆಲ್ಲ ಕೇಳಿಕೊಂಡೇ ಬೆಳೆದಿಲ್ವಾ? ಹನ್ನೆರಡು ಸಾವಿರ, ಪಿರಮಿಡ್ಡು ಅನ್ನೋದು ಮಾತ್ರ ನಿಮ್ಮಜ್ಜಿ ಹೇಳಿದ್ದಲ್ಲ." ಅವರ ಮುಖ ಸಡಿಲವಾಯಿತು. ಊರಿನ ಕಥೆಗೆ ಅದರದೇ ಬೆಲೆ ಇದೆ. ಅದಕ್ಕೆ ಸುಳ್ಳು ವಯಸ್ಸು ಕಟ್ಟಿ ಮಾರುವವರ ಮೇಲೆ ನನಗೆ ಸಿಟ್ಟು.

ಸಿಟ್ಟಿಗೆ ಇನ್ನೊಂದು ಕಾರಣವೂ ಇದೆ. ವಿಡಿಯೊ ಬಂದು ಎರಡು ತಿಂಗಳಿಗೆ, ಕೆರೆ ಏರಿಯ ಮೇಲಿದ್ದ ವೀರಗಲ್ಲಿನ ಬುಡವನ್ನು ಯಾರೋ ರಾತ್ರಿ ಅಗೆದಿದ್ದರು. ಹಳೇ ಜಾಗ ಅಂದ ಮೇಲೆ ನಿಧಿ ಇದ್ದೇ ಇರುತ್ತದೆ ಅನ್ನುವ ನಂಬಿಕೆ. ವಿಡಿಯೊದಲ್ಲಿ ಈ ಕಲ್ಲಿನ ಸುದ್ದಿಯೇ ಇರಲಿಲ್ಲ. ಊರಿನಲ್ಲಿ ನಿಜವಾಗಿ ಹಳೆಯದು ಅಂತ ಇದ್ದದ್ದು ಅದೊಂದೇ. ಮೂರು ಹಂತದ ಕಲ್ಲು. ಕೆಳಗೆ ಬಿಲ್ಲು ಹಿಡಿದ ವೀರ, ಅವನ ಪಕ್ಕ ದನಗಳು. ನಡುವೆ ಅವನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು. ಮೇಲೆ ಲಿಂಗದ ಮುಂದೆ ಕುಳಿತ ಅವನೇ. ಹಂತಗಳ ನಡುವಿನ ಪಟ್ಟಿಯಲ್ಲಿ ಸವೆದ ಅಕ್ಷರ. ಹಾರೆ ತಾಗಿ ಎಡಗಡೆ ಅಂಗೈ ಅಗಲದ ಚಕ್ಕೆ ಎದ್ದುಹೋಗಿತ್ತು.

ಮಂಡ್ಯ ಸೀಮೆಗೆ ಪಿರಮಿಡ್ಡು ಬೇಕೇ ಇಲ್ಲ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಹತ್ತನೇ ಶತಮಾನದ ಒಂದು ಕಲ್ಲಿತ್ತು, ಈಗ ಬೆಂಗಳೂರಿನ ಸರ್ಕಾರಿ ಮ್ಯೂಸಿಯಂನಲ್ಲಿದೆ. ಹಂದಿಯ ಜೊತೆ ಹೋರಾಡಿ ಸತ್ತ ಕಾಳಿ ಅನ್ನುವ ನಾಯಿಗೆ ನಿಲ್ಲಿಸಿದ್ದು. ಗಂಗರ ದೊರೆ ಬೂತುಗನಿಂದ ಆ ನಾಯಿಯನ್ನು ಕೇಳಿ ಪಡೆದವನು ಅವನ ಕಡೆಯ ವೀರ ಮಣಲೆರ. ತಕ್ಕೋಲದ ಯುದ್ಧದಲ್ಲಿ ಚೋಳರ ರಾಜಾದಿತ್ಯ ಸತ್ತ ಸುದ್ದಿಯೂ ಅದೇ ಕಲ್ಲಿನಲ್ಲಿದೆ. ತಿ. ನರಸೀಪುರದಲ್ಲಿ ಮೈಸೂರು ವಿಶ್ವವಿದ್ಯಾಲಯದ ಎಂ. ಶೇಷಾದ್ರಿಯವರು ಅಗೆಸಿದಾಗ ಹೊಸ ಶಿಲಾಯುಗದ ಜನರ ಸಮಾಧಿಗಳೇ ಸಿಕ್ಕವು. ಇವೆಲ್ಲ ಕೈಗೆಟುಕುವಷ್ಟು ಹತ್ತಿರ ಇರುವಾಗ ಯಂತ್ರದ ತೂತಿನ ಮುಂದೆ ಕೈ ಮುಗಿದು ನಿಲ್ಲುವುದನ್ನು ನೋಡಿದರೆ ನನಗೆ ಸಂಕಟ ಆಗುತ್ತದೆ.

ನಮ್ಮ ವೀರಗಲ್ಲಿನ ಅಚ್ಚು ತೆಗೆದೆವು. ಮೊದಲು ನೀರು ಹಾಕಿ, ಮೆತ್ತನೆ ಬ್ರಷ್‌ನಿಂದ ಅಕ್ಷರದೊಳಗಿನ ಮಣ್ಣು, ಅರಿಶಿನ ತೆಗೆದೆವು. ಒದ್ದೆ ಕಾಗದ ಹೊದಿಸಿ, ಬ್ರಷ್‌ನಿಂದ ಕುಟ್ಟುತ್ತಾ ಹೋದೆವು. ಕಾಗದ ಗುಂಡಿಯೊಳಕ್ಕೆ ಕೂತು ಸ್ವಲ್ಪ ಆರಿದ ಮೇಲೆ ಮಸಿಯ ಬಟ್ಟೆಯನ್ನು ಮೇಲೆ ಮೇಲೆ ಒತ್ತಬೇಕು. ಜೋರಾಗಿ ಒತ್ತಿದರೆ ಕೆಟ್ಟಿತು. ಕಪ್ಪಿನ ನಡುವೆ ಅಕ್ಷರ ಬೆಳ್ಳಗೆ ಏಳುತ್ತವೆ. "ಸ್ವಸ್ತಿ ಶ್ರೀ" ಬಂತು. ಎರಡನೇ ಸಾಲಿನಲ್ಲಿ ಹುಡುಗ ಬೆರಳಿಟ್ಟು, "ಸಾರ್, ಇದ್ಯಾವ ಅಕ್ಷರ? ನಮ್ಮ ಕನ್ನಡದಲ್ಲಿ ಇಲ್ವಲ್ಲ" ಅಂದ. ಅದು ಱ. ಹಿಂದೆ ಕನ್ನಡದಲ್ಲಿ ಎರಡು ರಕಾರ ಇದ್ದವು, ಇದು ಬಿಟ್ಟುಹೋದದ್ದು. ಅವನು ಕೂಡಿಸಿಕೊಂಡು ಓದಿದ: ತುಱು. ದನ. ಊರಿನ ದನಗಳನ್ನು ಹೊಡೆದುಕೊಂಡು ಹೋಗುವವರನ್ನು ತಡೆದು ಸತ್ತವನ ಕಲ್ಲು.

"ಅವನ ಹೆಸರೇನು ಸಾರ್?"

ಹೆಸರು ಇರಬೇಕಾದ ಕಡೆಯೇ ಚಕ್ಕೆ ಎದ್ದಿತ್ತು. ನಮ್ಮ ತಾಲ್ಲೂಕಿನ ಶಾಸನಗಳಿರುವ ಎಪಿಗ್ರಾಫಿಯಾ ಕರ್ನಾಟಿಕಾದ ಪರಿಷ್ಕೃತ ಆವೃತ್ತಿಯ 6ನೇ ಸಂಪುಟ ತೆಗೆದು ಹುಡುಕಿದೆ. ಈ ಕಲ್ಲು ಅದರಲ್ಲಿಲ್ಲ. ಏರಿಯ ಮಣ್ಣನ್ನು ಜರಡಿ ಹಿಡಿದು ಎರಡು ದಿನ ಹುಡುಕಿದೆವು. ಬೆರಳುಗುರು ಗಾತ್ರದ ಮೂರು ಚೂರು ಸಿಕ್ಕವು. ಒಂದರಲ್ಲಿ ಯಾವುದೋ ಅಕ್ಷರದ ಕೊಂಬಿನ ಗುರುತು ಮಾತ್ರ ಇದೆ.

ಅಚ್ಚಿನ ಒಂದು ಪ್ರತಿಯನ್ನೂ ಫೋಟೊಗಳನ್ನೂ ಪುರಾತತ್ವ ಇಲಾಖೆಗೆ ಕಳಿಸಿದೆವು. ಕಲ್ಲನ್ನು ಇದ್ದ ಕಡೆಯಿಂದ ಕದಲಿಸಲಿಲ್ಲ. ದೂರಕ್ಕೆ ನಾಲ್ಕು ಕಂಬ ನೆಟ್ಟು ಬೇಲಿ ಹಾಕೋಣ ಅಂತ ಊರಿನವರೇ ಮುಂದೆ ಬಂದರು. ತಾತ ಕೂಲಿ ತೆಗೆದುಕೊಳ್ಳಲಿಲ್ಲ. ಕಂಪ್ರೆಸರ್ ಬೇಡ ಅಂತ ಹೇಳಿ ಮೊಮ್ಮಗನನ್ನು ಕೂರಿಸಿಕೊಂಡು ಉಳಿ, ಬೆಣೆಯಲ್ಲೇ ನಾಲ್ಕು ಕಂಬ ಸೀಳಿದರು. ಒಂದೊಂದರ ಅಂಚಿನಲ್ಲೂ ಬೆಣೆಗುಳಿಯ ಸಾಲು ಹಾಗೇ ಉಳಿದಿತ್ತು, ಹಿಂಬದಿಯ ಬಂಡೆಯಲ್ಲಿ ಇದ್ದ ಥರವೇ. ನೆಡುವ ಮೊದಲು ನಾನು ಒಂದು ಮಾತು ಕೇಳಿಕೊಂಡೆ. ತಾತ ಚಾಣ ತೆಗೆದುಕೊಂಡು, ನಾಲ್ಕೂ ಕಂಬದ ಮೇಲೆ, ಎಲ್ಲರಿಗೂ ಕಾಣುವ ಕಡೆ, 2023 ಅಂತ ಕೊರೆದರು.