ರಿಜಿಸ್ಟರ್ ಹಿಡಿದು ಸಭೆಯ ಚರಿತ್ರೆ ಬರೆದೆ: ನನ್ನ ಅನುಭವ

ತುಮಕೂರಿನ ನಮ್ಮ ಹಳೇ ವೆಸ್ಲಿಯನ್ ಸಭೆಯ (ಮೆಥಡಿಸ್ಟ್ ಚರ್ಚಿನ) ಚರಿತ್ರೆ ಕೊನೆಗೂ ಅಚ್ಚಾಯ್ತು. "ದೀಕ್ಷಾಸ್ನಾನದ (ಬ್ಯಾಪ್ಟಿಸಂ) ರಿಜಿಸ್ಟರ್ ಇಟ್ಕೊಂಡು ಯಾರಾದ್ರೂ ಚರಿತ್ರೆ ಬರೀತಾರಾ?" ಅಂತ ಕಮಿಟಿಯಲ್ಲೇ ಕೇಳಿದ್ದರು. ಬರೆಯಬಹುದು.

1839ರಲ್ಲಿ ವೆಸ್ಲಿಯನ್ ಮಿಷನರಿ ವಿಲಿಯಂ ಆರ್ಥರ್ ಗುಬ್ಬಿಗೆ ಬಂದದ್ದು, 1947ರ ಸೆಪ್ಟೆಂಬರ್ 27ರಂದು ನಮ್ಮವರು ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸೇರಿದ್ದು ನಮ್ಮ ಸಭೆಯವರಿಗೆಲ್ಲ ಗೊತ್ತು. ಆ ನಡುವಿನ ನೂರು ವರ್ಷ ಬೆಂಚಿನ ಮೇಲೆ ಕೂತವರು ಯಾರು? ನನಗೆ ಬೇಕಾಗಿದ್ದು ಅದು.

ಮೊದಲು ಆರಾಧನೆ ಮುಗಿದ ಮೇಲೆ ಪ್ರಕಟಣೆ ಮಾಡಿಸಿದೆ, ಹಳೇ ಕಾಗದ ಫೋಟೋ ಇದ್ದರೆ ತನ್ನಿ ಅಂತ. ಬಂದದ್ದು ಹತ್ತು ಹನ್ನೆರಡು ಮದುವೆ ಫೋಟೋ, ಎಲ್ಲವೂ ಈಚಿನವು. ಆಮೇಲೆ ಸ್ಕ್ಯಾನಿಂಗ್ ಅಂಗಡಿ. ಎಪ್ಪತ್ತು ಸಾವಿರದ ಹತ್ತಿರ ಕೇಳಿದರು. ಎಂಟು ಸಾವಿರ ಮುಂಗಡ ಕೊಟ್ಟೆವು. ಅವರು ಗಾಜಿನ ಮೇಲೆ ಮಗುಚಿ ಒತ್ತಿದ ರಭಸಕ್ಕೆ ಒಂದು ರಿಜಿಸ್ಟರಿನ ಹೊಲಿಗೆಯೇ ಬಿಚ್ಚಿತು. ಕೆಲಸ ನಿಲ್ಲಿಸಿದೆ. ಮುಂಗಡ ವಾಪಸ್ ಬರಲಿಲ್ಲ. ಸುಗ್ಗಿ ಹಬ್ಬದ ಹರಾಜಿನಲ್ಲಿ ಕೂಡಿದ ದುಡ್ಡು ಅದು, ಜನ ಕೇಳದೇ ಬಿಡ್ತಾರಾ?

ಮುಂದೆ ಎಲ್ಲ ಕೆಲಸ ವೆಸ್ಟ್ರಿಯಲ್ಲೇ, ಅಂದರೆ ರಿಜಿಸ್ಟರ್ ಇಡುವ ಚರ್ಚಿನ ಕೋಣೆಯಲ್ಲೇ. ಫೋನು, ಒಂದು ಸ್ಟ್ಯಾಂಡು, ಎರಡು ಎಲ್‌ಇಡಿ ಬಲ್ಬು, ನಾಲ್ಕು ಸಾವಿರದೊಳಗೆ ಮುಗಿಯಿತು. ಪುಸ್ತಕ ಪೂರ್ತಿ ಬಿಡಿಸದೆ ಎರಡೂ ಕಡೆ ದಿಂಬು ಕೊಟ್ಟೆ. ಶಾಯಿ ಕಂದು ಬಣ್ಣಕ್ಕೆ ತಿರುಗಿದ್ದರೆ ಚಿತ್ರದ ನೀಲಿ ಚಾನೆಲ್ (ಕೆಂಪು, ಹಸಿರು, ನೀಲಿ ಪದರಗಳಲ್ಲಿ ನೀಲಿಯದು) ಒಂದನ್ನೇ ಫೋಟೋ ಆ್ಯಪ್‌ನಲ್ಲಿ ತೆಗೆದು ನೋಡಿ, ಅಕ್ಷರ ಎದ್ದು ಬರುತ್ತದೆ. ಅದಕ್ಕೂ ಬಗ್ಗದ ಪುಟಕ್ಕೆ ಇನ್ನೊಂದು ಉಪಾಯ ಇದೆ. ಅದನ್ನು ಇಲ್ಲಿ ಬರೆಯಲ್ಲ, ಬಂದರೆ ಕೂರಿಸಿಕೊಂಡು ತೋರಿಸುತ್ತೇನೆ.

ರಿಜಿಸ್ಟರಿನ ಹೆಸರುಗಳನ್ನು ಬರೆದಿಡಲು ಮನೆತನಕ್ಕೊಂದು ಕಾರ್ಡ್. ಇವತ್ತಿನವರಿಂದ ಹಿಂದಕ್ಕೆ ಹೋಗಬೇಕು. ಆದರೆ ಪುಟಪುಟಕ್ಕೂ ಯೋಹಾನ, ಸಮುವೇಲ! ಯಾವ ಯೋಹಾನ? ಮದುವೆ ರಿಜಿಸ್ಟರಿನಲ್ಲಿ ವಯಸ್ಸು, ಊರು, ಸಾಕ್ಷಿಗಳ ರುಜು ಇರುತ್ತದೆ. ಸಾಕ್ಷಿಗಳ ಕಡೆ ಯಾರೂ ಕಣ್ಣು ಹಾಯಿಸಲ್ಲ. ನಾನು ಹಿಡಿದದ್ದು ಅವರನ್ನೇ.

1876–78ರ ಬರದಲ್ಲಿ ದಿಕ್ಕಿಲ್ಲದ ಗಂಡುಮಕ್ಕಳನ್ನು ಮಿಷನ್‌ನವರು ತುಮಕೂರಿನಲ್ಲಿ ಸಾಕಿದರು, ಹೆಣ್ಣುಮಕ್ಕಳನ್ನು ಹಾಸನದಲ್ಲಿ. ಆ ಹುಡುಗರ ದೀಕ್ಷಾಸ್ನಾನದ ಸಾಲಿನಲ್ಲಿ ತಂದೆ ತಾಯಿಯ ಜಾಗ ಖಾಲಿ. ಎಲ್ಲರೂ ಅಲ್ಲಿಗೇ ಕೈಬಿಡುತ್ತಾರೆ. ನಾನು ಹತ್ತು ಹದಿನೈದು ವರ್ಷ ಮುಂದಕ್ಕೆ ಹೋಗಿ ಮದುವೆಗಳನ್ನು ನೋಡಿದೆ. ಹೆಣ್ಣು ಹಾಸನದವಳು, ಸಾಕ್ಷಿಗೆ ರುಜು ಹಾಕಿದವರು ಜೊತೆಯಲ್ಲೇ ಬೆಳೆದ ಹುಡುಗರು. ಒಬ್ಬನ ಮದುವೆಗೆ ಇನ್ನೊಬ್ಬ, ಅವನ ಮದುವೆಗೆ ಇವನು. ನಾಲ್ಕೈದು ಮನೆತನ ಹೀಗೇ ಸಿಕ್ಕವು. "ನಮ್ಮ ಮುತ್ತಜ್ಜನಿಗೆ ಯಾರೂ ಇರಲಿಲ್ಲ" ಅನ್ನುತ್ತಿದ್ದ ಒಂದು ಮನೆಗೆ ಕಾರ್ಡ್ ಕೊಟ್ಟೆ. ಅಜ್ಜಿ ಮೊಮ್ಮಕ್ಕಳನ್ನೆಲ್ಲ ಕರೆದು ಆ ಸಾಕ್ಷಿಗಳ ಹೆಸರು ಜೋರಾಗಿ ಓದಿಸಿದರು. ಇಂಥದ್ದು ನಮ್ಮ ಕಡೆ ಬೇರೆ ಯಾರೂ ಮಾಡಿದ್ದನ್ನು ನಾನು ನೋಡಿಲ್ಲ.

ನಡುವೆ ಬೇರೆ ಪ್ರಯೋಗಗಳೂ ನಡೆದವು. ಸವೆದ ಸಮಾಧಿ ಕಲ್ಲಿಗೆ ಸುಣ್ಣ, ಹಿಟ್ಟು ಬಳಿಯಬೇಡಿ. ಕನ್ನಡಿ ಹಿಡಿದು ಬಿಸಿಲನ್ನು ಪಕ್ಕದಿಂದ ಬಿಟ್ಟರೆ ಸಾಕು. ತಾರೀಕಿಲ್ಲದ ಗ್ರೂಪ್ ಫೋಟೋಗೆ ನಡುವೆ ಕೂತ ಅಯ್ಯನವರೇ (ಪಾದ್ರಿಗಳೇ) ಆಧಾರ. ಕೆಲವು ವರ್ಷಕ್ಕೊಮ್ಮೆ ವರ್ಗ ಆಗ್ತಿತ್ತಲ್ವಾ, ಅವರಿದ್ದ ವರ್ಷಗಳೇ ಫೋಟೋದ ವರ್ಷಗಳು. ಮಿಷನ್‌ನವರು 1887ರಲ್ಲಿ ಮೈಸೂರಿನಲ್ಲಿ ಶುರುಮಾಡಿದ 'ವೃತ್ತಾಂತ ಪತ್ರಿಕೆ' ಅನ್ನೋ ಪತ್ರಿಕೆಯ ಹಳೇ ಸಂಚಿಕೆಗಳಿಗೂ ಅಲೆದೆ. ಬಸ್ಸಿಗೆ, ಊಟಕ್ಕೆ ಮೂರು ಸಾವಿರ ಹೋಯ್ತು. ನಮ್ಮ ಸಭೆಯ ಬಗ್ಗೆ ಸಿಕ್ಕಿದ್ದು ಎರಡು ಸಾಲು.

ಮುನ್ನೂರು ಪ್ರತಿ ಹಾಕಿಸಿದೆವು, ಒಂದಕ್ಕೆ ನೂರಹತ್ತು ಬಿತ್ತು. ನೂರೈವತ್ತಕ್ಕೆ ಮಾರಿ ಕಳೆದುಕೊಂಡ ಮುಂಗಡವೂ ಹುಟ್ಟಿತು. ಈಗ ಪಕ್ಕದ ಊರಿನ ಸಭೆಯವರು ಕರೆಯುತ್ತಿದ್ದಾರೆ. ದುಡ್ಡು ಬೇಡ ಅಂದಿದ್ದೇನೆ. ರಿಜಿಸ್ಟರ್ ವೆಸ್ಟ್ರಿಯಿಂದ ಆಚೆ ಹೋಗಬಾರದು, ಮದುವೆ ರಿಜಿಸ್ಟರನ್ನೂ ಪೂರ್ತಿ ಕೊಡಬೇಕು. ಅದಕ್ಕೆ ಒಪ್ಪಿದರೆ ಹೋಗುತ್ತೇನೆ.