ಎಚ್‌ಆರ್‌ವಿ ನೋಡೋದಾದ್ರೆ ಕಾಫಿಗೆ ಮುಂಚೆ ನೋಡಿ

ಮುಳ್ಳಯ್ಯನಗಿರಿ ಏರು ಓಡೋರಿಗೆ ಒಂದು ಮಾತು. ವಾಚು ತೋರಿಸೋ ಎಚ್‌ಆರ್‌ವಿ (ಹಾರ್ಟ್ ರೇಟ್ ವೇರಿಯಬಿಲಿಟಿ) ಅಂದ್ರೆ ಒಂದು ಎದೆಬಡಿತಕ್ಕೂ ಇನ್ನೊಂದಕ್ಕೂ ನಡುವಿನ ಅಂತರ ಎಷ್ಟು ಏರುಪೇರಾಗುತ್ತೆ ಅನ್ನೋ ಲೆಕ್ಕ, ಮಿಲಿಸೆಕೆಂಡಿನಲ್ಲಿ. ನಿಮ್ಮ ಮಾಮೂಲಿಗಿಂತ ಇಳಿದ್ರೆ ಮೈ ಇನ್ನೂ ಸುಧಾರಿಸ್ಕೊಂಡಿಲ್ಲ ಅನ್ನೋ ಸುಳಿವು. ಎದ್ದ ತಕ್ಷಣ, ಕಾಫಿ ಕುಡಿಯೋಕೆ ಮುಂಚೆ (ನಮ್ಮ ಚಿಕ್ಕಮಗಳೂರಲ್ಲಿ ಇದೇ ಕಷ್ಟ!), ದಿನಾ ಒಂದೇ ಭಂಗಿಯಲ್ಲಿ ಅಳೀರಿ. ಪಕ್ಕದವರ 80 ನೋಡಿ ನಿಮ್ಮ 45ಕ್ಕೆ ಕೊರಗಬೇಡಿ, ಅದು ವಯಸ್ಸು, ಮೈಗುಣದ ಮೇಲೆ ಹೋಗುತ್ತೆ. ನಿಮ್ಮದೇ 7 ದಿನದ ಸರಾಸರಿ ಹಿಡ್ಕೊಳ್ಳಿ. ಒಂದು ದಿನ ಕುಸಿದ್ರೆ ತಲೆ ಕೆಡಿಸ್ಕೋಬೇಡಿ. ಹಿಂದಿನ ರಾತ್ರಿ ಗುಂಡೋ ನಿದ್ದೆಗೇಡೋ ಇರುತ್ತೆ. ಮೂರ್ನಾಲ್ಕು ದಿನ ಇಳೀತಾನೇ ಇದ್ದು ಕಾಲೂ ಭಾರ ಅನ್ನಿಸಿದ್ರೆ ಏರು ಬಿಟ್ಟು ಮೆಲ್ಲಗೆ ನಡೀರಿ. ಹೋದ ತಿಂಗಳು ನನ್ನದು 52ರಿಂದ 38ಕ್ಕೆ ಬಂದಿತ್ತು. ಹಟಕ್ಕೆ ಬಿದ್ದು ಸೀತಾಳಯ್ಯನಗಿರಿವರೆಗೂ ಓಡಿದೆ. ಮಾರನೇ ದಿನ ನೆಗಡಿ, ಜ್ವರ, ಒಂದು ವಾರ ಕಂಬಳಿ.